ನಿಕ್ಸಿ ಗಡಿಯಾರದ 180 ವೋಲ್ಟ್ ಸಪ್ಲೈ: ದೋಷ ಪತ್ತೆ ಮತ್ತು ಸರಿಯಾದ ಆಯ್ಕೆ

ನಿಕ್ಸಿ ಗಡಿಯಾರವೆಂದರೆ ಅಂಕಿಗಳನ್ನು ನಿಯಾನ್ ಅನಿಲ ತುಂಬಿದ ಗಾಜಿನ ಟ್ಯೂಬುಗಳಲ್ಲಿ ಹೊಳೆಯಿಸಿ ಸಮಯ ತೋರಿಸುವ ಗಡಿಯಾರ. ಹವ್ಯಾಸಕ್ಕಾಗಿ ಅದನ್ನು ಜೋಡಿಸುವವರನ್ನು ಹೆಚ್ಚು ಕಾಡುವ ಭಾಗ ಟ್ಯೂಬುಗಳೂ ಅಲ್ಲ, ಪ್ರೋಗ್ರಾಮೂ ಅಲ್ಲ. ಅಡಾಪ್ಟರಿನ 12 ವೋಲ್ಟನ್ನು 180 ವೋಲ್ಟಿಗೆ ಏರಿಸುವ ಸಣ್ಣ ಸಪ್ಲೈ. ಮೀಟರಿನಲ್ಲಿ 180 ವೋಲ್ಟ್ ಸರಿಯಾಗಿಯೇ ಕಾಣುತ್ತದೆ, ಆದರೆ ಟ್ಯೂಬುಗಳನ್ನು ಜೋಡಿಸಿದೊಡನೆ ಅಂಕಿಗಳು ಮಂಕಾಗುತ್ತವೆ, ಎರಡು ಟ್ಯೂಬುಗಳು ಹೊತ್ತಿಕೊಳ್ಳುವುದೇ ಇಲ್ಲ, ಮಾಸ್ಫೆಟ್ (ಸಪ್ಲೈನಲ್ಲಿ ಸ್ವಿಚ್ಚಿನಂತೆ ದುಡಿಯುವ ಟ್ರಾನ್ಸಿಸ್ಟರ್) ಕೈ ಸುಡುವಷ್ಟು ಬಿಸಿಯಾಗುತ್ತದೆ. ಇಂಥ ಸಂದರ್ಭದಲ್ಲಿ ಐಸಿ ಕೆಟ್ಟಿರಬೇಕೆಂದು ಒಂದರ ಮೇಲೊಂದು ಐಸಿ ಬದಲಿಸುತ್ತ ಹೋಗುವುದು ಸಾಮಾನ್ಯ. ನಿಜದಲ್ಲಿ ಅಲ್ಲಿ ಯಾವ ಭಾಗವೂ ಸತ್ತಿರುವುದಿಲ್ಲ. ಆ ಸಪ್ಲೈ ಆ ಹೊರೆಯನ್ನು, ಅಂದರೆ ಟ್ಯೂಬುಗಳು ಎಳೆಯುವ ಕರೆಂಟನ್ನು, ಹೊರುವಂತೆ ಆಯ್ಕೆಯಾಗಿರುವುದಿಲ್ಲ, ಅಷ್ಟೆ. ಹೊರೆಯಿಲ್ಲದೆ ಅಳೆದ 180 ವೋಲ್ಟ್ ಏನನ್ನೂ ಸಾಬೀತು ಮಾಡುವುದಿಲ್ಲ ಎಂಬ ಮಾತನ್ನು ಆಧಾರವಾಗಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ.

ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿರುವುದು ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿರುವ ಜೋಡಣೆ: ಸೋವಿಯತ್ ಕಾಲದ ಆರು ಐಎನ್-14 ಅಥವಾ ಐಎನ್-12 ಟ್ಯೂಬುಗಳು, ಅಂಕಿಗಳನ್ನು ಹೊತ್ತಿಸಿ ಆರಿಸುವ ಕೆ155ಐಡಿ1 ಡ್ರೈವರ್‌ಗಳು, ಎಂಸಿ34063 ಐಸಿಯ ಮೇಲೆ ಕಟ್ಟಿದ ಬೂಸ್ಟ್ ಕನ್ವರ್ಟರ್ (ಸ್ವಿಚ್ಚಿನ ವೇಗದ ಮಿಡಿತಗಳಿಂದ ವೋಲ್ಟೇಜ್ ಏರಿಸುವ ಸರ್ಕ್ಯೂಟ್), ಹೊರಗೆ ಒಂದು ಐಆರ್‌ಎಫ್740 ಮಾಸ್ಫೆಟ್, 100 ಮೈಕ್ರೋಹೆನ್ರಿ ಇಂಡಕ್ಟರ್, ಯುಎಫ್4007 ಡಯೋಡ್ ಮತ್ತು 4.7 ಮೈಕ್ರೋಫ್ಯಾರಡ್, 250 ವೋಲ್ಟ್ ಕೆಪಾಸಿಟರ್. ಬೇರೆ ಐಸಿ ಬಳಸಿದವರಿಗೆ ಪಿನ್ ಸಂಖ್ಯೆಗಳು ಬದಲಾಗುತ್ತವೆ, ತರ್ಕ ಬದಲಾಗುವುದಿಲ್ಲ.

ಮೊದಲು ಎಚ್ಚರಿಕೆ

180 ವೋಲ್ಟ್ ಡಿಸಿ ಆಟದ ವಸ್ತುವಲ್ಲ. ಒಂದು ಕೈಯನ್ನು ಮೇಜಿನಿಂದ ದೂರವಿಟ್ಟು ಇನ್ನೊಂದರಿಂದಲೇ ಅಳೆಯುವುದು, ನೆಲದ (ಗ್ರೌಂಡ್) ತಂತಿಗೆ ಮೊದಲೇ ಕ್ರೊಕೊಡೈಲ್ ಕ್ಲಿಪ್ ಹಾಕಿಕೊಳ್ಳುವುದು, ಭಾಗಗಳನ್ನು ಬದಲಿಸುವ ಮುನ್ನ ಅಡಾಪ್ಟರ್ ಕಿತ್ತು ಔಟ್‌ಪುಟ್ ಕೆಪಾಸಿಟರನ್ನು 10 ಕಿಲೋಓಮ್ ರೆಸಿಸ್ಟರಿನ ಮೂಲಕ ಖಾಲಿ ಮಾಡುವುದು ಕಡ್ಡಾಯ. ಸ್ಕ್ರೂಡ್ರೈವರಿನಿಂದ ನೇರವಾಗಿ ಶಾರ್ಟ್ ಮಾಡುವ ಅಭ್ಯಾಸ ಕೆಪಾಸಿಟರಿಗೂ ಒಳ್ಳೆಯದಲ್ಲ, ಕಣ್ಣಿಗೂ ಒಳ್ಳೆಯದಲ್ಲ. ಫೀಡ್‌ಬ್ಯಾಕ್ ರೆಸಿಸ್ಟರ್‌ಗಳು (ಔಟ್‌ಪುಟ್ ವೋಲ್ಟೇಜಿನ ಒಂದು ಪಾಲನ್ನು ಐಸಿಗೆ ತಿಳಿಸುವವು) ಸರಿಯಾಗಿದ್ದರೆ ಈ ಕೆಪಾಸಿಟರ್ ತಾನಾಗಿಯೇ ಸುಮಾರು 16 ಸೆಕೆಂಡುಗಳಲ್ಲಿ 5 ವೋಲ್ಟಿಗೆ ಇಳಿಯುತ್ತದೆ. ಆದರೆ ಆ ರೆಸಿಸ್ಟರ್ ಸರಪಳಿಯೇ ಕಡಿದಿದ್ದರೆ ಚಾರ್ಜ್ ಹೋಗಲು ದಾರಿಯಿರುವುದಿಲ್ಲ. ದೋಷ ಹುಡುಕುತ್ತಿರುವ ಬೋರ್ಡಿನಲ್ಲಿ ಯಾವುದು ಸರಿಯಾಗಿದೆ ಎಂದು ನಂಬಲಾಗದು. ಇಂಡಕ್ಟರಿನ ಒಂದು ತುದಿ 12 ವೋಲ್ಟಿಗೆ ಸೇರಿರುವುದರಿಂದ ಅದನ್ನು ಮುಟ್ಟಬಹುದೆಂದು ಹಲವರು ಭಾವಿಸುತ್ತಾರೆ. ಅದರ ಇನ್ನೊಂದು ತುದಿ ಮಾಸ್ಫೆಟ್‌ನ ಡ್ರೇನ್. ಅಲ್ಲಿ ಪ್ರತಿ ಮಿಡಿತದಲ್ಲೂ 180 ವೋಲ್ಟ್ ಬಂದು ಹೋಗುತ್ತದೆ, ಟಿಒ-220 ಮಾಸ್ಫೆಟ್‌ನ ಲೋಹದ ಬೆನ್ನೂ ಅದೇ ಡ್ರೇನ್. ಬಿಸಿ ಪರೀಕ್ಷಿಸಲು ಬೆರಳಿಡುವುದಾದರೆ ಸಪ್ಲೈ ಆರಿಸಿ, ಚಾರ್ಜ್ ಇಳಿಸಿದ ಮೇಲೆಯೇ ಇಡಬೇಕು.

ಹೊರೆಯ ಲೆಕ್ಕ

ಸಪ್ಲೈ ಆಯ್ಕೆಯೂ ದೋಷ ಪತ್ತೆಯೂ ಆರಂಭವಾಗುವುದು ಈ ಲೆಕ್ಕದಿಂದ. ಐಎನ್-14 ಟ್ಯೂಬು ಹೊತ್ತಿಕೊಳ್ಳಲು 170 ವೋಲ್ಟ್ ಬೇಕು; ಒಮ್ಮೆ ಹೊತ್ತಿಕೊಂಡ ಮೇಲೆ ಅದರ ತುದಿಗಳ ನಡುವೆ ಸುಮಾರು 140 ವೋಲ್ಟ್ ಉಳಿಯುತ್ತದೆ. 180 ವೋಲ್ಟ್ ಸಪ್ಲೈನಿಂದ ಉಳಿದ 40 ವೋಲ್ಟನ್ನು ಆನೋಡ್ ರೆಸಿಸ್ಟರ್ ನುಂಗಬೇಕು. 15 ಕಿಲೋಓಮ್ ಹಾಕಿದರೆ ಟ್ಯೂಬಿಗೆ ಸುಮಾರು 2.7 ಮಿಲಿಆಂಪಿಯರ್ ಹರಿಯುತ್ತದೆ. ಆರು ಟ್ಯೂಬುಗಳಿಗೆ 16, ಗಂಟೆ ಮತ್ತು ನಿಮಿಷದ ನಡುವಿನ ಎರಡು ನಿಯಾನ್ ಚುಕ್ಕೆಗಳಿಗೆ 1, ಒಟ್ಟು 17 ಮಿಲಿಆಂಪಿಯರ್. 180 ವೋಲ್ಟಿನಲ್ಲಿ ಇದು 3 ವ್ಯಾಟ್‌ಗಿಂತ ತುಸು ಹೆಚ್ಚು. ಮಲ್ಟಿಪ್ಲೆಕ್ಸ್ ಮಾಡಿದ, ಅಂದರೆ ಟ್ಯೂಬುಗಳನ್ನು ಸರದಿಯಂತೆ ವೇಗವಾಗಿ ಹೊತ್ತಿಸುವ ಗಡಿಯಾರದಲ್ಲಿ ಒಂದೊಂದು ಟ್ಯೂಬಿನ ಕ್ಷಣಿಕ ಕರೆಂಟ್ ಹೆಚ್ಚಿರುತ್ತದೆಯಾದರೂ, ಅಷ್ಟೇ ಬೆಳಕು ಬೇಕೆಂದರೆ ಸರಾಸರಿ ಇದೇ ಮಟ್ಟದಲ್ಲಿರುತ್ತದೆ.

ಈ 40 ವೋಲ್ಟಿನ ಅಂತರವೇ ನಿಕ್ಸಿ ಸಪ್ಲೈನ ದೋಷಗಳು ಇಷ್ಟು ಬೇಗ ಕಣ್ಣಿಗೆ ಬೀಳಲು ಕಾರಣ. ಸಪ್ಲೈ 180ರಿಂದ 170ಕ್ಕೆ ಇಳಿದರೆ ಅದು ಕೇವಲ ಶೇಕಡಾ 6ರಷ್ಟು ಕುಸಿತವೆಂದು ತೋರುತ್ತದೆ. ಆದರೆ ಆನೋಡ್ ರೆಸಿಸ್ಟರಿನ ಪಾಲಿಗೆ 40 ವೋಲ್ಟ್ 30ಕ್ಕೆ ಇಳಿದಂತಾಗಿ ಟ್ಯೂಬಿನ ಕರೆಂಟ್ ನಾಲ್ಕನೇ ಒಂದು ಭಾಗ ಕಡಿಮೆಯಾಗುತ್ತದೆ. 160ಕ್ಕೆ ಇಳಿದರೆ ಹೊತ್ತಿಕೊಂಡಿರುವ ಅಂಕಿ ಅರ್ಧ ಕರೆಂಟಿನಲ್ಲಿ ಉರಿಯುತ್ತಿರುತ್ತದೆ, ಆರಿದ್ದ ಟ್ಯೂಬು ಮತ್ತೆ ಹೊತ್ತಿಕೊಳ್ಳುವುದೇ ಅನುಮಾನವಾಗುತ್ತದೆ. ನಿಮಿಷ ಬದಲಾಗುವಾಗ ಮಾತ್ರ ಒಂದು ಅಂಕಿ ಕಾಣೆಯಾಗಿ ಸ್ವಲ್ಪ ಹೊತ್ತಿನ ನಂತರ ಬರುತ್ತದೆ ಎಂಬ ದೂರಿನ ಹಿಂದೆ ಬಹುತೇಕ ಈ ಕುಸಿತವೇ ಇರುತ್ತದೆ.

ಮೊದಲ ಪರೀಕ್ಷೆ: ನಕಲಿ ಹೊರೆ

ಟ್ಯೂಬುಗಳನ್ನೂ ಡ್ರೈವರ್ ಬೋರ್ಡನ್ನೂ ಬೇರ್ಪಡಿಸಿ, ಸಪ್ಲೈ ಔಟ್‌ಪುಟ್‌ಗೆ 10 ಕಿಲೋಓಮ್, 5 ವ್ಯಾಟ್‌ನ ಸಿರಾಮಿಕ್ ರೆಸಿಸ್ಟರನ್ನು ಬೆಸುಗೆ ಹಾಕಿ ಜೋಡಿಸಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಯಾವುದೇ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಈ ಬಿಳಿ ಇಟ್ಟಿಗೆಯಾಕಾರದ ರೆಸಿಸ್ಟರ್ 180 ವೋಲ್ಟಿನಲ್ಲಿ 18 ಮಿಲಿಆಂಪಿಯರ್, ಅಂದರೆ 3.24 ವ್ಯಾಟ್ ಎಳೆಯುತ್ತದೆ. ನಮ್ಮ ಗಡಿಯಾರದ ಹೊರೆಗಿಂತ ಇದು ಸ್ವಲ್ಪ ಹೆಚ್ಚು, ಪರೀಕ್ಷೆಗೆ ಇರಬೇಕಾದದ್ದೂ ಹಾಗೆಯೇ. ರೆಸಿಸ್ಟರ್ ಚೆನ್ನಾಗಿ ಕಾಯುತ್ತದೆ, ಪ್ಲಾಸ್ಟಿಕ್ ಚಾಪೆಯ ಮೇಲೆ ಇಡಬಾರದು. ಅಪರೂಪದ ಟ್ಯೂಬುಗಳನ್ನು ಅನುಮಾನಾಸ್ಪದ ಸಪ್ಲೈಗೆ ಜೋಡಿಸಿ ಪರೀಕ್ಷಿಸುವುದು ನನಗೆ ಎಂದೂ ಸರಿಯೆನಿಸಿಲ್ಲ. ಈ ಸೋವಿಯತ್ ಟ್ಯೂಬುಗಳ ತಯಾರಿಕೆ ನಿಂತು ದಶಕಗಳಾಗಿವೆ, ಒಂದು ಒಳ್ಳೆಯ ಟ್ಯೂಬಿನ ಬೆಲೆಗೆ ಇಡೀ ಸಪ್ಲೈ ಕಟ್ಟಬಹುದು.

ಎರಡು ಅಳತೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬೇಕು: ಔಟ್‌ಪುಟ್ ವೋಲ್ಟೇಜ್ ಮತ್ತು ಅಡಾಪ್ಟರಿನಿಂದ ಬರುವ ಕರೆಂಟ್. ಒಂದೇ ಮೀಟರ್ ಇದ್ದರೆ ಒಂದರ ನಂತರ ಇನ್ನೊಂದು, ಪ್ರತಿ ಬಾರಿ ಆರಿಸಿ. ಆರೋಗ್ಯವಂತ ಸಪ್ಲೈ ಈ ಹೊರೆಯಲ್ಲಿ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ಕುಸಿಯದೆ, 12 ವೋಲ್ಟಿನಲ್ಲಿ ಸುಮಾರು 0.35 ಆಂಪಿಯರ್ ಎಳೆಯುತ್ತದೆ. ಇನ್‌ಪುಟ್ ವೋಲ್ಟೇಜನ್ನು ಅಡಾಪ್ಟರಿನ ಪ್ಲಗ್‌ನಲ್ಲಿ ಅಲ್ಲ, ಬೋರ್ಡಿನ ಮೇಲೆ ಇಂಡಕ್ಟರಿನ ಬುಡದಲ್ಲಿ, ಹೊರೆ ಇರುವಾಗಲೇ ಅಳೆಯಬೇಕು. ಅಲ್ಲಿ 10 ವೋಲ್ಟ್ ಕಂಡರೆ ಮುಂದಿನದೆಲ್ಲ ವ್ಯರ್ಥ, ಮೊದಲು ತಂತಿ ಮತ್ತು ಅಡಾಪ್ಟರ್ ಬದಲಿಸಬೇಕು.

ಔಟ್‌ಪುಟ್ ಸೊನ್ನೆ, ಅಡಾಪ್ಟರ್ ಮಿಣುಕುತ್ತದೆ

ಬೂಸ್ಟ್ ಕನ್ವರ್ಟರ್‌ನಲ್ಲಿ ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಇಂಡಕ್ಟರ್ ಮತ್ತು ಡಯೋಡ್ ಮೂಲಕ ಯಾವಾಗಲೂ ನೇರ ದಾರಿಯಿದೆ. ಆದ್ದರಿಂದ ಏನೂ ಕೆಲಸ ಮಾಡದಿದ್ದರೂ ಔಟ್‌ಪುಟ್‌ನಲ್ಲಿ 11 ವೋಲ್ಟ್ ಚಿಲ್ಲರೆ ಇರಲೇಬೇಕು. ಸೊನ್ನೆಯ ಸಮೀಪ ಇದ್ದರೆ ಆ ದಾರಿ ಎಲ್ಲೋ ಕಡಿದಿದೆ ಅಥವಾ ನೆಲಕ್ಕೆ ಸೇರಿದೆ. ಅಡಾಪ್ಟರ್ ಆರಿ ಹತ್ತಿ ಮಾಡುತ್ತಿದ್ದರೆ ಮಾಸ್ಫೆಟ್‌ನ ಡ್ರೇನ್ ಮತ್ತು ಸೋರ್ಸ್ ನಡುವೆ ಶಾರ್ಟ್ ಆಗಿರುವ ಸಂಭವ ಹೆಚ್ಚು. ಸಪ್ಲೈ ಆರಿಸಿ, ಚಾರ್ಜ್ ಇಳಿಸಿ, ಮಾಸ್ಫೆಟ್ ಹೊರತೆಗೆದು ಅಳೆದರೆ ತಿಳಿಯುತ್ತದೆ. ಮಾಸ್ಫೆಟ್ ಸತ್ತಿದ್ದರೆ ಗರಿಷ್ಠ ಕರೆಂಟಿಗೆ ಮಿತಿ ಹಾಕುವ ಕರೆಂಟ್ ಸೆನ್ಸ್ ರೆಸಿಸ್ಟರನ್ನೂ ನೋಡಬೇಕು, ಅದು ಕಪ್ಪಾಗಿಯೋ ಬಿರುಕುಬಿಟ್ಟೋ ಇರುತ್ತದೆ.

ಹೊಸ ಮಾಸ್ಫೆಟ್ ಹಾಕುವ ಮೊದಲು ಹಳೆಯದು ಸತ್ತದ್ದೇಕೆ ಎಂದು ಕೇಳಿಕೊಳ್ಳಬೇಕು. ಐಆರ್‌ಎಫ್640 ಅಥವಾ ಐಆರ್‌ಎಫ್630 ಹಾಕಿದ್ದರೆ ಉತ್ತರ ಅಲ್ಲೇ ಇದೆ: ಅವು 200 ವೋಲ್ಟಿನ ಭಾಗಗಳು, 180 ವೋಲ್ಟ್ ಔಟ್‌ಪುಟ್‌ನ ಮೇಲೆ ಪ್ರತಿ ಮಿಡಿತದಲ್ಲಿ ಏಳುವ ಚೂಪು ಅಲೆಗೆ ಅವುಗಳಲ್ಲಿ ಜಾಗವಿಲ್ಲ. ಐಆರ್‌ಎಫ್740 ತಡೆಯುವುದು 400 ವೋಲ್ಟ್.

ಔಟ್‌ಪುಟ್ 11 ವೋಲ್ಟ್ ಚಿಲ್ಲರೆಯಲ್ಲೇ ನಿಂತಿದೆ

ಮಾಸ್ಫೆಟ್ ಮಿಡಿಯುತ್ತಿಲ್ಲ ಎಂದರ್ಥ. ಇಲ್ಲಿ ಭಾಗ ಬದಲಿಸುವ ಮೊದಲು ಪಿನ್‌ಗಳನ್ನು ಕ್ರಮವಾಗಿ ಅಳೆದರೆ ಕೆಲವೇ ನಿಮಿಷದ ಕೆಲಸ. ಎಂಸಿ34063ರ 6ನೇ ಪಿನ್‌ನಲ್ಲಿ 12 ವೋಲ್ಟ್ ಇರಬೇಕು. ನಂತರ 5ನೇ ಪಿನ್, ಅಂದರೆ ಫೀಡ್‌ಬ್ಯಾಕ್: ಐಸಿಯ ಒಳಗಿನ ಹೋಲಿಕೆಯ ಮಟ್ಟ 1.25 ವೋಲ್ಟ್; ಔಟ್‌ಪುಟ್ 11 ವೋಲ್ಟಿನಲ್ಲಿದ್ದಾಗ ಈ ಪಿನ್‌ನಲ್ಲಿ 0.08 ವೋಲ್ಟ್‌ನಷ್ಟು ಮಾತ್ರ ಕಾಣಬೇಕು. ಅಲ್ಲಿ ಹಲವು ವೋಲ್ಟ್ ಕಂಡರೆ ಕೆಳಗಿನ ರೆಸಿಸ್ಟರ್ ನೆಲಕ್ಕೆ ಸೇರಿಲ್ಲ, ಐಸಿ ಔಟ್‌ಪುಟ್ ಆಗಲೇ ಮಿತಿ ಮೀರಿದೆಯೆಂದು ತಿಳಿದು ಸುಮ್ಮನೆ ಕುಳಿತಿದೆ. ತಣ್ಣನೆಯ (ಸರಿಯಾಗಿ ಅಂಟದ) ಬೆಸುಗೆ, ತಿರುಗಿಸಿ ವೋಲ್ಟೇಜ್ ಹೊಂದಿಸುವ ಪ್ರಿಸೆಟ್‌ನ ಕಾಲು ಪ್ಯಾಡಿಗೆ ತಾಗದಿರುವುದು ಇದರ ಸಾಮಾನ್ಯ ಕಾರಣಗಳು. 5ನೇ ಪಿನ್ ಸರಿಯಿದ್ದರೆ 3ನೇ ಪಿನ್‌ಗೆ ಹೋಗಬೇಕು; ಟೈಮಿಂಗ್ ಕೆಪಾಸಿಟರ್ ಮೇಲೆ ಗರಗಸದ ಹಲ್ಲಿನಂಥ ಅಲೆ ಇದ್ದರೆ ಡಿಸಿ ಮೀಟರ್ ಸುಮಾರು 1 ವೋಲ್ಟ್ ತೋರಿಸುತ್ತದೆ. ಅದೂ ಸರಿಯಿದ್ದು ಮಾಸ್ಫೆಟ್‌ನ ಗೇಟಿನಲ್ಲಿ ಮೀಟರ್ ಸೊನ್ನೆ ತೋರಿಸಿದರೆ 1, 2 ಮತ್ತು 8ನೇ ಪಿನ್‌ಗಳ ಜೋಡಣೆಯಲ್ಲಿ ತಪ್ಪಿದೆ ಅಥವಾ ಐಸಿಯ ಒಳಗಿನ ಸ್ವಿಚ್ ನಿಜಕ್ಕೂ ಹೋಗಿದೆ. ಐಸಿ ಬದಲಿಸುವ ಮಾತು ಬರುವುದು ಇಲ್ಲಿ, ಇದಕ್ಕಿಂತ ಮೊದಲಲ್ಲ.

ಹೊರೆಯಿಲ್ಲದೆ 180, ಹೊರೆ ಹಾಕಿದರೆ 120

ಈ ಬರಹದ ಮುಖ್ಯ ವಿಷಯ ಇದೇ. ಬೂಸ್ಟ್ ಕನ್ವರ್ಟರ್ ಪ್ರತಿ ಮಿಡಿತದಲ್ಲಿ ಇಂಡಕ್ಟರಿನಲ್ಲಿ ಒಂದಿಷ್ಟು ಶಕ್ತಿ ತುಂಬಿಕೊಂಡು ಔಟ್‌ಪುಟ್‌ಗೆ ಸುರಿಯುತ್ತದೆ. ಆ ಶಕ್ತಿ ಇಂಡಕ್ಟೆನ್ಸ್‌ನ ಅರ್ಧವನ್ನು ಗರಿಷ್ಠ ಕರೆಂಟಿನ ವರ್ಗದಿಂದ ಗುಣಿಸಿದಷ್ಟು. ಎಂಸಿ34063ರಲ್ಲಿ ಗರಿಷ್ಠ ಕರೆಂಟನ್ನು ನಿರ್ಧರಿಸುವುದು 6 ಮತ್ತು 7ನೇ ಪಿನ್‌ಗಳ ನಡುವಿನ ಸೆನ್ಸ್ ರೆಸಿಸ್ಟರ್. ಅದರ ಮೇಲೆ 0.3 ವೋಲ್ಟ್ ಬಿದ್ದೊಡನೆ ಐಸಿ ಆ ಮಿಡಿತವನ್ನು ಮುಗಿಸುತ್ತದೆ. 0.22 ಓಮ್ ಹಾಕಿದರೆ 1.36 ಆಂಪಿಯರ್, 100 ಮೈಕ್ರೋಹೆನ್ರಿಯಲ್ಲಿ ಮಿಡಿತಕ್ಕೆ 92 ಮೈಕ್ರೋಜೂಲ್. ನಷ್ಟವನ್ನೂ ಸೇರಿಸಿ ನಮಗೆ ಬೇಕಾದ ಸುಮಾರು 4 ವ್ಯಾಟ್‌ಗೆ ಸೆಕೆಂಡಿಗೆ 44,000 ಮಿಡಿತ ಸಾಕು. ಐಸಿಯ ಮೇಲ್ಮಿತಿ 100 ಕಿಲೋಹರ್ಟ್ಜ್ ಆದ್ದರಿಂದ ಧಾರಾಳವಾಗಿ ಜಾಗವಿದೆ.

ಈಗ ಹೊರೆ ಹಾಕಿದಾಗ ಔಟ್‌ಪುಟ್ ಕುಸಿಯುತ್ತಿದೆಯೆಂದರೆ ಎರಡರಲ್ಲಿ ಒಂದು ನಡೆದಿರಬೇಕು. ಬೇಕಾದಷ್ಟು ಶಕ್ತಿ ಅಡಾಪ್ಟರಿನಿಂದ ಒಳಗೆ ಬರುತ್ತಲೇ ಇಲ್ಲ, ಇಲ್ಲವೇ ಬಂದ ಶಕ್ತಿ ಬಿಸಿಯಾಗಿ ಹೋಗುತ್ತಿದೆ. ಇವೆರಡನ್ನು ಬೇರ್ಪಡಿಸುವುದು ಇನ್‌ಪುಟ್ ಕರೆಂಟ್, ಅದಕ್ಕಾಗಿಯೇ ಅದನ್ನು ಅಳೆಯಲು ಮೇಲೆ ಹೇಳಿದ್ದು. ಔಟ್‌ಪುಟ್ ಕುಸಿದಿದ್ದು ಇನ್‌ಪುಟ್ 0.15 ಆಂಪಿಯರ್ ಮಾತ್ರ ಇದ್ದರೆ ಮೊದಲನೆಯದು, 0.6 ಆಂಪಿಯರ್ ದಾಟಿದ್ದರೆ ಎರಡನೆಯದು. ಅಲೆಗಳನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಲ್ಲದವರಿಗೆ ಇದಕ್ಕಿಂತ ಉಪಯುಕ್ತವಾದ ಅಳತೆ ಇನ್ನೊಂದಿಲ್ಲ.

ಇನ್‌ಪುಟ್ ಕಡಿಮೆಯಿರುವ ಸಂದರ್ಭದಲ್ಲಿ ಮೊದಲ ಆರೋಪಿ ಸೆನ್ಸ್ ರೆಸಿಸ್ಟರ್. 0.22 ಓಮ್ ಸಿಗಲಿಲ್ಲವೆಂದು 1 ಓಮ್ ಹಾಕಿದವರ ಸರ್ಕ್ಯೂಟಿನಲ್ಲಿ ಗರಿಷ್ಠ ಕರೆಂಟ್ 0.3 ಆಂಪಿಯರ್, ಮಿಡಿತಕ್ಕೆ 4.5 ಮೈಕ್ರೋಜೂಲ್, 100 ಕಿಲೋಹರ್ಟ್ಜ್‌ನಲ್ಲಿ ಓಡಿದರೂ ಅರ್ಧ ವ್ಯಾಟ್ ದಾಟುವುದಿಲ್ಲ. ಅರ್ಧ ವ್ಯಾಟ್ ಒಂದು ಟ್ಯೂಬಿಗೆ ಸಾಕಾಗುವಷ್ಟಿದೆ, ಆದ್ದರಿಂದಲೇ ಒಂದು ಟ್ಯೂಬಿನಲ್ಲಿ ಪರೀಕ್ಷಿಸಿ ಎಲ್ಲ ಸರಿಯಿದೆ ಎಂದು ಮುಂದುವರಿದವರು ಆರನ್ನೂ ಜೋಡಿಸಿದ ದಿನ ಕಂಗಾಲಾಗುತ್ತಾರೆ. ಬ್ರೆಡ್‌ಬೋರ್ಡಿನ ಕಥೆಯೂ ಇದೇ. ಸೆನ್ಸ್ ರೆಸಿಸ್ಟರಿನ ಎರಡು ಕಾಲುಗಳು ಕುಳಿತ ಸ್ಪ್ರಿಂಗ್‌ಗಳು ಸೇರಿ 0.2 ಓಮ್ ಹೆಚ್ಚುವರಿ ರೋಧ ಕೊಟ್ಟರೂ ಕರೆಂಟ್ 0.7 ಆಂಪಿಯರಿಗೆ ಇಳಿಯುತ್ತದೆ, ಮಿಡಿತಕ್ಕೆ 25 ಮೈಕ್ರೋಜೂಲ್ ಉಳಿಯುತ್ತದೆ. 4 ವ್ಯಾಟ್‌ಗೆ ಆಗ ಬೇಕಾಗುವ 160 ಕಿಲೋಹರ್ಟ್ಜ್ ಈ ಐಸಿಯ ಶಕ್ತಿ ಮೀರಿದ್ದು. ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿದ ನಿಕ್ಸಿ ಸಪ್ಲೈನಲ್ಲಿ ದೋಷ ಹುಡುಕುವುದಕ್ಕಿಂತ ಅದನ್ನು ಬಿಚ್ಚಿ ವೆರೋಬೋರ್ಡಿನ (ತಾಮ್ರದ ಪಟ್ಟಿಗಳಿರುವ ತೂತುಗಳ ಹಲಗೆ) ಮೇಲೆ ಬೆಸುಗೆ ಹಾಕುವುದೇ ಮೇಲು.

ಎರಡನೆಯ ಆರೋಪಿ ಟೈಮಿಂಗ್ ಕೆಪಾಸಿಟರ್. ಸುಮಾರು 17 ಮೈಕ್ರೋಸೆಕೆಂಡ್‌ನ ಗರಿಷ್ಠ ಆನ್ ಸಮಯಕ್ಕೆ ಬೇಕಾದದ್ದು 680 ಪಿಕೋಫ್ಯಾರಡ್. ಸಿರಾಮಿಕ್ ಕೆಪಾಸಿಟರಿನ ಮೇಲೆ ಇದನ್ನು 681 ಎಂದು ಅಚ್ಚು ಹಾಕಿರುತ್ತಾರೆ. 680 ಎಂದು ಅಚ್ಚಾಗಿರುವುದು 68 ಪಿಕೋಫ್ಯಾರಡ್‌ನ ಕೆಪಾಸಿಟರ್. ಅಂಗಡಿಯಲ್ಲಿ 680 ಕೊಡಿ ಎಂದು ಕೇಳಿ ತಂದವರ ಬೋರ್ಡಿನಲ್ಲಿ ಆನ್ ಸಮಯ ಹತ್ತನೇ ಒಂದು ಭಾಗಕ್ಕೆ ಇಳಿದು, ಇಂಡಕ್ಟರ್ ತುಂಬುವ ಮೊದಲೇ ಮಿಡಿತ ಮುಗಿಯುತ್ತದೆ, ಐಸಿಯೂ ತನ್ನ ವೇಗದ ಮಿತಿ ಮೀರಿ ತಡಬಡಿಸುತ್ತದೆ. ಭೂತಗನ್ನಡಿ ಹಿಡಿದು ಆ ಮೂರು ಅಂಕಿಗಳನ್ನು ಓದುವುದು ಅರ್ಧ ನಿಮಿಷದ ಕೆಲಸ.

ಇನ್‌ಪುಟ್ ಕರೆಂಟ್ ಹೆಚ್ಚಿದ್ದು ಔಟ್‌ಪುಟ್ ಕುಸಿದಿದ್ದರೆ ಇಂಡಕ್ಟರಿನ ಮೇಲೆ ಮೊದಲ ಕಣ್ಣು. ರೆಸಿಸ್ಟರಿನಂತೆಯೇ ಕಾಣುವ, ಬಣ್ಣದ ಪಟ್ಟಿಗಳಿರುವ ಸಣ್ಣ 100 ಮೈಕ್ರೋಹೆನ್ರಿ ಇಂಡಕ್ಟರ್ ಮೌಲ್ಯದಲ್ಲಿ ಸರಿಯಾಗಿಯೇ ಇರುತ್ತದೆ, ಆದರೆ ಅದರ ಕೋರ್ ಕೆಲವು ನೂರು ಮಿಲಿಆಂಪಿಯರಿನಲ್ಲೇ ಸ್ಯಾಚುರೇಟ್ ಆಗುತ್ತದೆ, ಅಂದರೆ ಕಾಂತಶಕ್ತಿ ಹಿಡಿಯುವ ತನ್ನ ಮಿತಿ ತಲುಪುತ್ತದೆ. ಆಮೇಲೆ ಅದು ಇಂಡಕ್ಟರ್ ಆಗಿ ಉಳಿಯುವುದಿಲ್ಲ, ಒಂದು ತುಂಡು ತಂತಿಯಾಗುತ್ತದೆ. ಕರೆಂಟ್ ಜಿಗಿಯುತ್ತದೆ, ಶಕ್ತಿ ಸಂಗ್ರಹವಾಗುವುದಿಲ್ಲ. ಬೇಕಾದದ್ದು 2 ಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚಿನ ಸ್ಯಾಚುರೇಶನ್ ಕರೆಂಟಿನ, ಬೆರಳ ತುದಿಯಷ್ಟು ದಪ್ಪದ ಡ್ರಮ್ ಕೋರ್ ಇಂಡಕ್ಟರ್. ಸ್ಕೋಪ್ ಇದ್ದವರು ಸೆನ್ಸ್ ರೆಸಿಸ್ಟರಿನ ಮೇಲಿನ ಅಲೆಯನ್ನು ನೋಡಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ: ನೇರ ಏರುವ ಗೆರೆ ಕೊನೆಯಲ್ಲಿ ಕೊಕ್ಕೆಯಂತೆ ಮೇಲಕ್ಕೆ ಬಾಗಿದ್ದರೆ ಕೋರ್ ತುಂಬಿದೆ. ಆ ರೆಸಿಸ್ಟರ್ 12 ವೋಲ್ಟ್ ಬದಿಯಲ್ಲಿರುವುದರಿಂದ ಪ್ರೋಬಿನ ನೆಲದ ಕ್ಲಿಪ್ಪನ್ನು ಅದಕ್ಕೆ ಹಾಕಬಾರದು. ಎರಡು ಚಾನೆಲ್ ಬಳಸಿ ವ್ಯತ್ಯಾಸ ನೋಡಬೇಕು.

ಇಂಡಕ್ಟರ್ ತಣ್ಣಗಿದ್ದು ಮಾಸ್ಫೆಟ್ ಮಾತ್ರ ಸುಡುತ್ತಿದ್ದರೆ ದೋಷ ಗೇಟಿನಲ್ಲಿದೆ. ಈ ಐಸಿಯ ಸ್ವಿಚ್ ಗೇಟನ್ನು ಮೇಲಕ್ಕೆ ಎಳೆಯಬಲ್ಲದು, ಕೆಳಕ್ಕೆ ಎಳೆಯಲಾರದು. ಹಲವು ಸರಳ ನಕ್ಷೆಗಳಲ್ಲಿ ಗೇಟನ್ನು ಖಾಲಿ ಮಾಡುವ ಕೆಲಸವನ್ನು ನೆಲಕ್ಕೆ ಸೇರಿದ ಒಂದು 1 ಕಿಲೋಓಮ್ ರೆಸಿಸ್ಟರಿಗೆ ಬಿಟ್ಟಿರುತ್ತಾರೆ. ಗೇಟ್ 5 ವೋಲ್ಟಿನ ಆಸುಪಾಸಿನಲ್ಲಿದ್ದಾಗ ಆ ರೆಸಿಸ್ಟರ್ ಎಳೆಯುವುದು 5 ಮಿಲಿಆಂಪಿಯರ್ ಮಾತ್ರ. ಐಆರ್‌ಎಫ್740ರ ಗೇಟ್ ಮತ್ತು ಡ್ರೇನ್ ನಡುವಿನ ಚಾರ್ಜ್ 32 ನ್ಯಾನೋಕೂಲಂಬ್‌ವರೆಗೆ ಇರುವುದರಿಂದ ಆರಲು 6 ಮೈಕ್ರೋಸೆಕೆಂಡ್‌ನಷ್ಟು ಸಮಯ ಹಿಡಿಯಬಹುದು. ಇಂಡಕ್ಟರ್ ತನ್ನ ಶಕ್ತಿಯನ್ನೆಲ್ಲ 180 ವೋಲ್ಟಿಗೆ ಸುರಿಯಲು ಬೇಕಾದ ಸಮಯ 1 ಮೈಕ್ರೋಸೆಕೆಂಡ್‌ಗಿಂತ ಕಡಿಮೆ. ಅಂದರೆ ಔಟ್‌ಪುಟ್‌ಗೆ ಹೋಗಬೇಕಾದ ಶಕ್ತಿ ಅರೆತೆರೆದ ಮಾಸ್ಫೆಟ್‌ನಲ್ಲೇ ಉರಿದುಹೋಗುತ್ತದೆ. ಇದಕ್ಕೆ ಹೀಟ್‌ಸಿಂಕ್ ಪರಿಹಾರವಲ್ಲ. ಒಂದು ಬಿಸಿ557 ಅಥವಾ 2ಎನ್2907 ಪಿಎನ್‌ಪಿ ಟ್ರಾನ್ಸಿಸ್ಟರಿನ ಎಮಿಟರನ್ನು ಗೇಟಿಗೂ, ಕಲೆಕ್ಟರನ್ನು ನೆಲಕ್ಕೂ, ಬೇಸನ್ನು ಐಸಿಯ 2ನೇ ಪಿನ್‌ಗೂ ಸೇರಿಸಿ, ಬೇಸಿನಿಂದ ಎಮಿಟರಿಗೆ ಒಂದು 1ಎನ್4148 ಡಯೋಡ್ ಹಾಕಬೇಕು. 1 ಕಿಲೋಓಮ್ ರೆಸಿಸ್ಟರ್ ಬೇಸಿನಿಂದ ನೆಲಕ್ಕೆ ಬರಬೇಕು. ಐದಾರು ರೂಪಾಯಿಯ ಈ ಸೇರ್ಪಡೆಯಿಂದ ಮಾಸ್ಫೆಟ್ ಹೀಟ್‌ಸಿಂಕ್ ಇಲ್ಲದೆಯೇ ಬೆಚ್ಚಗಿನ ಮಟ್ಟದಲ್ಲಿ ಉಳಿಯುತ್ತದೆ.

ಡಯೋಡಿನ ವಿಷಯ ಚಿಕ್ಕದು. ಯುಎಫ್4007 ಬದಲು 1ಎನ್4007 ಹಾಕಿದ್ದರೆ ತೆಗೆಯಬೇಕು. ಎರಡೂ 1000 ವೋಲ್ಟಿನವೇ, ನೋಡಲು ಒಂದೇ. ಆದರೆ ಮೊದಲನೆಯದು 75 ನ್ಯಾನೋಸೆಕೆಂಡ್‌ನಲ್ಲಿ ಮುಚ್ಚಿಕೊಳ್ಳುತ್ತದೆ, ಎರಡನೆಯದು 50 ಹರ್ಟ್ಜ್ ಮೇನ್ಸ್‌ಗಾಗಿ ಮಾಡಿದ್ದು, ಮೈಕ್ರೋಸೆಕೆಂಡ್‌ಗಳ ಕಾಲ ಹಿಮ್ಮುಖವಾಗಿ ಸೋರುತ್ತದೆ.

ಔಟ್‌ಪುಟ್ 200 ದಾಟುತ್ತದೆ

ಇದು ಅಪರೂಪ, ಆದರೆ ಅಪಾಯಕಾರಿ. ಫೀಡ್‌ಬ್ಯಾಕ್‌ನ ಮೇಲಿನ ರೆಸಿಸ್ಟರ್ ಕಡಿದರೆ 5ನೇ ಪಿನ್ ಸೊನ್ನೆಯಲ್ಲಿರುತ್ತದೆ, ಐಸಿ ನಿಲ್ಲದೆ ಮಿಡಿಯುತ್ತದೆ, 250 ವೋಲ್ಟ್ ಕೆಪಾಸಿಟರ್ ಸಿಡಿಯುವವರೆಗೂ ಏರುತ್ತದೆ. ಸಾಮಾನ್ಯ ಕಾಲು ವ್ಯಾಟ್ ಕಾರ್ಬನ್ ಫಿಲ್ಮ್ ರೆಸಿಸ್ಟರ್ ತಡೆಯುವುದು 250 ವೋಲ್ಟ್ ಮಾತ್ರ. ವರ್ಷಗಟ್ಟಲೆ ಅದರ ಸಮೀಪ ದುಡಿಸುವುದು ಜಾಣತನವಲ್ಲ. ಒಂದೇ 1 ಮೆಗಾಓಮ್ ಬದಲು 470 ಕಿಲೋಓಮ್‌ನ ಎರಡನ್ನು ಸರಣಿಯಲ್ಲಿ ಹಾಕಿ, ಕೆಳಗೆ 5.6 ಕಿಲೋಓಮ್ ಮತ್ತು 2 ಕಿಲೋಓಮ್ ಪ್ರಿಸೆಟ್ ಇಟ್ಟರೆ ಔಟ್‌ಪುಟ್ 156ರಿಂದ 211 ವೋಲ್ಟ್‌ವರೆಗೆ ಮಾತ್ರ ತಿರುಗುತ್ತದೆ. ಪ್ರಿಸೆಟ್‌ನ ನಡುವಿನ ಕಾಲನ್ನು ಒಂದು ತುದಿಗೆ ಸೇರಿಸಿದ್ದರೆ, ಒಳಗಿನ ಸ್ಪರ್ಶ ತಪ್ಪಿದಾಗಲೂ ಔಟ್‌ಪುಟ್ ಕೆಳಕ್ಕೆ ಇಳಿಯುತ್ತದೆಯೇ ಹೊರತು ಮೇಲಕ್ಕೆ ಹಾರುವುದಿಲ್ಲ. ಪ್ರಿಸೆಟನ್ನು ಮೇಲಿನ ಬದಿಯಲ್ಲಿಟ್ಟ ನಕ್ಷೆ ಕಂಡರೆ ಅದನ್ನು ಕಟ್ಟದಿರುವುದೇ ಕ್ಷೇಮ.

ಸಪ್ಲೈ ಸರಿಯಿದ್ದೂ ಉಳಿಯುವ ದೂರುಗಳು

ನಕಲಿ ಹೊರೆಯಲ್ಲಿ ಸಪ್ಲೈ ಗಟ್ಟಿಯಾಗಿ ನಿಂತರೆ ಉಳಿದ ತೊಂದರೆಗಳನ್ನು ಅದರ ಮೇಲೆ ಹೊರಿಸಬಾರದು. ಅಂಕಿಯ ಒಂದು ಭಾಗ ಮಾತ್ರ ಹೊಳೆದು ಉಳಿದದ್ದು ಕಪ್ಪಾಗಿದ್ದರೆ, ಆ ಕ್ಯಾಥೋಡ್ (ಅಂಕಿಯ ಆಕಾರದ ಲೋಹದ ತಂತಿ) ಬಹುಕಾಲ ಬಳಸದೆ ಬಿಟ್ಟು ಮಲಿನಗೊಂಡಿದೆ. ಅದೇ ಅಂಕಿಯನ್ನು ಗಂಟೆಗಟ್ಟಲೆ ಉರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ರಾತ್ರಿ ಹೊತ್ತು ಎಲ್ಲ ಅಂಕಿಗಳನ್ನು ಸರದಿಯಂತೆ ತಿರುಗಿಸುವ ಪ್ರೋಗ್ರಾಮ್ ಹಾಕಿದರೆ ಮರುಕಳಿಸುವುದಿಲ್ಲ. ಟ್ಯೂಬಿನ ಒಳಗೆ ಕಿತ್ತಳೆಯ ಬದಲು ಗುಲಾಬಿ ಅಥವಾ ನೇರಳೆ ಬಣ್ಣ ಹರಡಿದ್ದರೆ ಒಳಗೆ ಗಾಳಿ ಸೇರಿದೆ, ಅದಕ್ಕೆ ಪರಿಹಾರವಿಲ್ಲ. ಆರಿರಬೇಕಾದ ಅಂಕಿಗಳು ಮಸುಕಾಗಿ ಕಾಣುವುದು ಕೆ155ಐಡಿ1ರ ಸೋರಿಕೆಯಿಂದಲೂ ಆಗಬಹುದು, ಸಾಕೆಟ್‌ನ ಕಾಲುಗಳ ನಡುವೆ ಉಳಿದ ಬೆಸುಗೆ ಫ್ಲಕ್ಸ್‌ನಿಂದಲೂ ಆಗಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ನೋಡುವುದು ಮೊದಲ ಹೆಜ್ಜೆ, ಮಳೆಗಾಲದಲ್ಲಂತೂ ಖಂಡಿತ.

ಮೈಕ್ರೋಕಂಟ್ರೋಲರ್ ಆಗಾಗ ರೀಸೆಟ್ ಆಗುತ್ತಿದ್ದರೆ 1 ಆಂಪಿಯರ್ ದಾಟುವ ಮಿಡಿತಗಳು ಅದರ ನೆಲದ ತಂತಿಯ ಮೂಲಕವೇ ಹಾದುಹೋಗುತ್ತಿವೆಯೇ ನೋಡಬೇಕು. ಇಂಡಕ್ಟರಿನ ಬುಡದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು, ಸಪ್ಲೈನ ನೆಲ ಮತ್ತು ಲಾಜಿಕ್‌ನ ನೆಲವನ್ನು ಅಡಾಪ್ಟರ್ ಸಾಕೆಟ್‌ನಲ್ಲಿ ಮಾತ್ರ ಸೇರಿಸಿದರೆ ಹೆಚ್ಚಿನ ಸಲ ಅಲ್ಲಿಗೆ ಮುಗಿಯುತ್ತದೆ. ಅಂಕಿಗಳು ಆರಿದ್ದಾಗ ಸಪ್ಲೈ ಸಣ್ಣಗೆ ಕೂಗುವುದು ದೋಷವಲ್ಲ. ಹೊರೆ ಕಡಿಮೆಯಿದ್ದಾಗ ಐಸಿ ಮಿಡಿತಗಳನ್ನು ಬಿಟ್ಟು ಬಿಟ್ಟು ಕೊಡುವುದರಿಂದ ಆ ಬಿಡುವು ಕಿವಿಗೆ ಕೇಳುವ ಮಟ್ಟಕ್ಕೆ ಬರುತ್ತದೆ. ಹೊರೆ ತುಂಬಿದ್ದಾಗಲೂ ಕೂಗಿದರೆ ಮತ್ತೆ ಇಂಡಕ್ಟರನ್ನು ಅನುಮಾನಿಸಬೇಕು.

ಹಾಗಾದರೆ ಯಾವುದನ್ನು ಆರಿಸುವುದು

12 ವೋಲ್ಟ್ ಅಡಾಪ್ಟರ್ ಮತ್ತು 20 ಮಿಲಿಆಂಪಿಯರ್ ಒಳಗಿನ ಹೊರೆಗೆ, ಮೇಲೆ ಹೇಳಿದ ಗೇಟ್ ತಿದ್ದುಪಡಿಯೊಂದಿಗೆ ಎಂಸಿ34063 ಸಾಕು; ಅಗ್ಗ, ಎಲ್ಲೆಡೆ ಸಿಗುತ್ತದೆ, ಡಿಐಪಿ ರೂಪದಲ್ಲಿರುವುದರಿಂದ ವೆರೋಬೋರ್ಡಿಗೆ ಒಗ್ಗುತ್ತದೆ. ಮ್ಯಾಕ್ಸ್1771 ದಕ್ಷತೆಯಲ್ಲಿ ಮೇಲು, ಗೇಟನ್ನು ತಾನೇ ಎರಡೂ ದಿಕ್ಕಿಗೆ ಎಳೆಯುತ್ತದೆ, ಆದರೆ 300 ಕಿಲೋಹರ್ಟ್ಜ್‌ವರೆಗೆ ಓಡುವ ಅದು ಪಿಸಿಬಿಯ ತಾಮ್ರದ ಹಾದಿಗಳ ವಿಷಯದಲ್ಲಿ ಕ್ಷಮಿಸುವುದಿಲ್ಲ. ಸ್ವಂತ ಪಿಸಿಬಿ ಮಾಡಿಸದವರು ಅದರ ತಂಟೆಗೆ ಹೋಗದಿರುವುದು ಒಳಿತು. 555 ಟೈಮರಿನ ಸಪ್ಲೈಗಳು ಕಲಿಯಲು ಚೆನ್ನ, ವರ್ಷಾನುಗಟ್ಟಲೆ ಉರಿಯುವ ಗಡಿಯಾರಕ್ಕೆ ನಾನು ಹಾಕಲಾರೆ.

5 ವೋಲ್ಟ್ ಯುಎಸ್‌ಬಿಯಿಂದಲೇ ನಡೆಯಬೇಕೆಂಬ ಆಸೆ ಅನೇಕ ಯೋಜನೆಗಳನ್ನು ಕೆಡಿಸಿದೆ. ಮೇಲಿನ ಸರ್ಕ್ಯೂಟನ್ನು ಹಾಗೆಯೇ 5 ವೋಲ್ಟಿಗೆ ಸೇರಿಸಿದರೆ 17 ಮೈಕ್ರೋಸೆಕೆಂಡ್‌ನಲ್ಲಿ ಇಂಡಕ್ಟರಿನ ಕರೆಂಟ್ 0.85 ಆಂಪಿಯರಿಗೆ ಮಾತ್ರ ಏರುತ್ತದೆ. 50 ಕಿಲೋಹರ್ಟ್ಜ್‌ನಲ್ಲಿ, ನಷ್ಟ ಕಳೆಯುವ ಮೊದಲೇ, 1.8 ವ್ಯಾಟ್. ಜೊತೆಗೆ ಗೇಟಿಗೆ ಸಿಗುವುದು 4 ವೋಲ್ಟಿಗಿಂತ ಕಡಿಮೆ, ಐಆರ್‌ಎಫ್740 ತೆರೆದುಕೊಳ್ಳಲು ಆರಂಭಿಸುವುದೇ 2ರಿಂದ 4 ವೋಲ್ಟಿನ ನಡುವೆ. ಇಲ್ಲಿ ಎರಡು ದಾರಿಗಳಿವೆ: 5 ವೋಲ್ಟನ್ನು ಮೊದಲು ಒಂದು ಸಣ್ಣ ಮಾಡ್ಯೂಲಿನಿಂದ 12ಕ್ಕೆ ಏರಿಸಿಕೊಳ್ಳುವುದು, ಅಥವಾ ಟ್ರಾನ್ಸ್‌ಫಾರ್ಮರ್ ಇರುವ ಫ್ಲೈಬ್ಯಾಕ್ ಸಪ್ಲೈ ಆರಿಸುವುದು. ಆರು ಐಎನ್-18 ಟ್ಯೂಬುಗಳ ದೊಡ್ಡ ಗಡಿಯಾರಕ್ಕೂ ಫ್ಲೈಬ್ಯಾಕ್ ತಕ್ಕದ್ದು. ಟ್ಯೂಬಿಗೆ 6 ಮಿಲಿಆಂಪಿಯರಿನಂತೆ 6.5 ವ್ಯಾಟ್ ಬೇಕಾಗುವಲ್ಲಿ 12ರಿಂದ 180ಕ್ಕೆ ಒಂದೇ ಸುರುಳಿಯಲ್ಲಿ ನೆಗೆಯುವುದು ಭಾಗಗಳನ್ನು ಅಂಚಿನಲ್ಲಿ ದುಡಿಸಿದಂತೆ. ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಅನುಪಾತ ಆ ನೆಗೆತವನ್ನು ಹಂಚಿಕೊಳ್ಳುತ್ತದೆ, ಮಾಸ್ಫೆಟ್ ಮೇಲೆ ಬೀಳುವ ವೋಲ್ಟೇಜೂ ಇಳಿಯುತ್ತದೆ.

ಮನೆಯ 230 ವೋಲ್ಟ್ ಮೇನ್ಸನ್ನು ಒಂದು ಡಯೋಡ್ ಮತ್ತು ರೆಸಿಸ್ಟರಿನಿಂದ ನೇರವಾಗಿ ಬಳಸುವ ಹಳೆಯ ನಕ್ಷೆಗಳು ಈಗಲೂ ಓಡಾಡುತ್ತಿವೆ. ಅದರ ಶಿಖರ 325 ವೋಲ್ಟ್, ಮೇಲಾಗಿ ಇಡೀ ಗಡಿಯಾರ, ಅದರ ಗುಂಡಿಗಳು, ಪ್ರೋಗ್ರಾಮ್ ಹಾಕಲು ಜೋಡಿಸಿದ ಲ್ಯಾಪ್‌ಟಾಪ್, ಎಲ್ಲವೂ ಮೇನ್ಸ್‌ನ ಭಾಗವಾಗುತ್ತವೆ. ಇದನ್ನು ಆಯ್ಕೆಯೆಂದು ಪರಿಗಣಿಸಲೇಬಾರದು.

ಸಿದ್ಧ ಮಾಡ್ಯೂಲ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಸಮಯದ ಬೆಲೆ ಲೆಕ್ಕ ಹಾಕಿದರೆ ಅನೇಕರಿಗೆ ಅದೇ ಸರಿಯಾದ ದಾರಿ. ಆದರೆ ಪಟ್ಟಿಯಲ್ಲಿ ಬರೆದ ಗರಿಷ್ಠ ವೋಲ್ಟೇಜ್ ಮತ್ತು ಗರಿಷ್ಠ ಕರೆಂಟ್ ಒಂದೇ ಕಾಲಕ್ಕೆ, ನೀವು ಕೊಡುವ ಇನ್‌ಪುಟ್ ವೋಲ್ಟೇಜಿನಲ್ಲಿ ಸಿಗುತ್ತವೆಯೇ ಎಂದು ಓದಬೇಕು. ಮಾಡ್ಯೂಲ್ ಕೈಗೆ ಬಂದ ದಿನ ಪ್ರಿಸೆಟನ್ನು ಕನಿಷ್ಠಕ್ಕೆ ತಿರುಗಿಸಿ, 10 ಕಿಲೋಓಮ್ ಹೊರೆ ಜೋಡಿಸಿ, ನಿಧಾನವಾಗಿ 180ಕ್ಕೆ ಏರಿಸಿ, ಗಡಿಯಾರದ ಮುಚ್ಚಿದ ಪೆಟ್ಟಿಗೆಯೊಳಗೇ ಒಂದು ಗಂಟೆ ಓಡಿಸಬೇಕು. ಗಂಟೆಯ ಕೊನೆಯಲ್ಲಿ ವೋಲ್ಟೇಜ್ ಎರಡು ಮೂರು ವೋಲ್ಟಿಗಿಂತ ಹೆಚ್ಚು ಇಳಿದಿರಬಾರದು, ಇನ್‌ಪುಟ್ ಕರೆಂಟ್ ಮೊದಲ ನಿಮಿಷದಲ್ಲಿ ಇದ್ದದ್ದಕ್ಕಿಂತ ಏರಿರಬಾರದು. ಏರುತ್ತಲೇ ಹೋಗಿದ್ದರೆ ಬಿಸಿಯಾದ ಕೋರ್ ಸ್ಯಾಚುರೇಶನ್ ಕಡೆಗೆ ಸರಿಯುತ್ತಿರಬಹುದು. ಅಂಥ ಮಾಡ್ಯೂಲನ್ನು ನಾಲ್ಕು ಟ್ಯೂಬಿನ ಗಡಿಯಾರಕ್ಕೆ ಇಟ್ಟುಕೊಂಡು, ಆರು ಟ್ಯೂಬಿಗೆ ಬೇರೆಯದನ್ನು ನೋಡಬೇಕು.